ಅವಿಧೇಯತೆಯ ಆರೋಪದ ಮೇಲೆ ಕೆಲಸದಿಂದ ವಜಾ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಡೂರಿನ ಗಣಿ, ತೋರಣಗಲ್ಲು ಸುತ್ತಮುತ್ತಲಿನ ಉಕ್ಕು ಉದ್ಯಮ, ಗಿಣಿಗೇರಾದ ಸ್ಪಾಂಜ್ ಐರನ್ ಘಟಕ, ಗಂಗಾವತಿಯ ಅಕ್ಕಿ ಗಿರಣಿ, ರಾಯಚೂರಿನ ಜಿನ್ನಿಂಗ್ ಮಿಲ್, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕ, ಹೀಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ನಮ್ಮ ಭಾಗದಲ್ಲಿ ದುಡಿಯುವವರು ಕೆಲಸ ಕಳೆದುಕೊಂಡು ಬಂದಾಗ ಅವರ ಕೈಯಲ್ಲಿರುವ ಆದೇಶದಲ್ಲಿ ಹೆಚ್ಚಾಗಿ ಕಾಣುವ ಕಾರಣ ಒಂದೇ: 'ಮೇಲಧಿಕಾರಿಯ ಆದೇಶವನ್ನು ಪಾಲಿಸಲಿಲ್ಲ'. ಈ ಆರೋಪ ಕಾನೂನಿನ ಎದುರು ಯಾವಾಗ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ, ನಿಂತರೂ ವಜಾ ಮಾಡುವಷ್ಟು ಗುರುತರವೇ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಕಾರ್ಮಿಕರಿಗಾಗಿ ಬರೆದದ್ದಾದರೂ ಸಣ್ಣ ಘಟಕಗಳ ಮಾಲೀಕರೂ ಇದನ್ನು ಓದಬೇಕು, ಏಕೆಂದರೆ ಸಿಟ್ಟಿನಲ್ಲಿ ಹೊರಡಿಸಿದ ಒಂದು ಆದೇಶ ಎರಡೂ ಕಡೆಯವರನ್ನು ವರ್ಷಗಟ್ಟಲೆ ಅಲೆಸುತ್ತದೆ.

ಅವಿಧೇಯತೆ ಎಂದು ಕಾನೂನು ಯಾವುದನ್ನು ಕರೆಯುತ್ತದೆ?

ಸ್ಥಾಯಿ ಆದೇಶಗಳೆಂದರೆ ಸಂಸ್ಥೆಯ ಲಿಖಿತ ಸೇವಾ ನಿಯಮಗಳು. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ರೂಪಿಸಿದ ಮಾದರಿ ಸ್ಥಾಯಿ ಆದೇಶಗಳು ದುರ್ನಡತೆಗಳ ಪಟ್ಟಿಯಲ್ಲಿ ಇದನ್ನೇ ಮೊದಲು ಇಟ್ಟವು. ಮೇಲಧಿಕಾರಿಯ ಕಾನೂನುಬದ್ಧವೂ ಸಮಂಜಸವೂ ಆದ ಆದೇಶವನ್ನು ಒಬ್ಬನೇ ಆಗಲಿ, ಇತರರೊಡನೆ ಸೇರಿ ಆಗಲಿ, ಉದ್ದೇಶಪೂರ್ವಕವಾಗಿ ಧಿಕ್ಕರಿಸುವುದು ಎಂಬುದು ಅದರ ತಾತ್ಪರ್ಯ. ಇದರಲ್ಲಿನ ಒಂದೊಂದು ಮಾತಿಗೂ ತೂಕವಿದೆ. ಆದೇಶ ಕೊಟ್ಟವರಿಗೆ ಆದೇಶ ಕೊಡುವ ಅಧಿಕಾರವಿರಬೇಕು. ಆದೇಶ ಕಾನೂನಿಗೆ ವಿರುದ್ಧವಾಗಿರಬಾರದು. ಅದು ಆ ನೌಕರನ ಕೆಲಸದ ವ್ಯಾಪ್ತಿಯೊಳಗೆ ಇದ್ದು, ಅವನಿಗೆ ಸ್ಪಷ್ಟವಾಗಿ ತಿಳಿದಿರಬೇಕು. ಇಷ್ಟೆಲ್ಲ ಇದ್ದೂ ಅವನು ಬೇಕೆಂದೇ ಮಾಡದೆ ಬಿಟ್ಟಿರಬೇಕು. ಕೇಳಿಸದೆ ಹೋದದ್ದು, ತಪ್ಪಾಗಿ ತಿಳಿದುಕೊಂಡದ್ದು, ಮೈಯಲ್ಲಿ ಹುಷಾರಿಲ್ಲದೆ ಆಗದೆ ಹೋದದ್ದು, ಇಬ್ಬರು ಅಧಿಕಾರಿಗಳು ಎರಡು ಬಗೆಯಲ್ಲಿ ಹೇಳಿದ್ದರಿಂದ ಗೊಂದಲವಾದದ್ದು, ಇವು ಲೋಪವಾಗಬಹುದೇ ಹೊರತು ಅವಿಧೇಯತೆ ಆಗುವುದಿಲ್ಲ.

ಶಿಫ್ಟ್ ಇನ್‌ಚಾರ್ಜ್ ತಮ್ಮ ಮನೆಯ ಸಾಮಾನು ಸಾಗಿಸಲು ಹೇಳಿದ್ದನ್ನು ಹೆಲ್ಪರ್ ಒಲ್ಲೆ ಎಂದರೆ, ಅದು ಕಾರ್ಖಾನೆಯ ಕೆಲಸವೇ ಅಲ್ಲವಾದ್ದರಿಂದ, ಅಲ್ಲಿ ಉಲ್ಲಂಘಿಸಲು ಯಾವ ಆದೇಶವೂ ಇರುವುದಿಲ್ಲ.

ಸಾಹೇಬರಿಗೆ ಎದುರು ಮಾತನಾಡಿದೆ ಎಂದು ತೆಗೆದಿದ್ದಾರೆ. ಇದು ನ್ಯಾಯವೇ?

ಏನು ಮಾತನಾಡಿದಿರಿ, ಯಾರ ಎದುರು ಮಾತನಾಡಿದಿರಿ, ಅದಕ್ಕೂ ಮೊದಲು ಏನು ನಡೆದಿತ್ತು ಎಂಬುದರ ಮೇಲೆ ಉತ್ತರ ನಿಂತಿದೆ. 'ಈ ಕೆಲಸ ಯಾಕೆ ನನಗೇ ಹಚ್ಚುತ್ತೀರಿ' ಎಂದು ಕೇಳುವುದು, ಬಾಕಿ ಉಳಿದ ಓಟಿ (ಹೆಚ್ಚುವರಿ ಅವಧಿಯ ಕೆಲಸದ) ಹಣದ ಬಗ್ಗೆ ವಿಚಾರಿಸುವುದು, ಕಾರ್ಮಿಕ ಇಲಾಖೆಗೆ ಅರ್ಜಿ ಕೊಡುತ್ತೇನೆ ಎನ್ನುವುದು ದುರ್ನಡತೆಯಲ್ಲ. ನಮ್ಮ ಕಡೆಯ ಮಾತಿನ ಧಾಟಿಯೇ ಸ್ವಲ್ಪ ಗಡಸು. ದನಿ ಏರಿದ ಮಾತ್ರಕ್ಕೆ ಅದನ್ನು ಧಿಕ್ಕಾರವೆಂದು ಬರೆದುಕೊಳ್ಳುವ ಅಧಿಕಾರಿ, ಮುಖ್ಯವಾಗಿ ಹೊರಗಿನಿಂದ ಬಂದವರು, ಈ ಮಾತನ್ನು ಗಮನದಲ್ಲಿ ಇಟ್ಟುಕೊಳ್ಳಬೇಕೆಂದು ನನ್ನ ಅಭಿಪ್ರಾಯ.

ಬೈಗುಳ, ಬೆದರಿಕೆ, ಕೈ ಎತ್ತುವುದು ಬೇರೆ ಮಾತು. ಇಲ್ಲಿ ಸುಪ್ರೀಂ ಕೋರ್ಟಿನ ತೀರ್ಪುಗಳು ಎರಡೂ ಬದಿಗೆ ಸಿಗುತ್ತವೆ. 1982ರಲ್ಲಿ, ಹಿಂದೆ ಯಾವ ದೋಷವೂ ಇಲ್ಲದ ಕಾರ್ಮಿಕರೊಬ್ಬರು ಸಂಯಮ ತಪ್ಪಿ ಬೆದರಿಕೆಯಂತೆ ಕಾಣುವ ಮಾತಾಡಿದ್ದಕ್ಕೆ ವಜಾ ಮಾಡಿದ್ದು ತೀರ ಅತಿಯಾಯಿತೆಂದು ಹೇಳಿದ ಕೋರ್ಟ್, ಎರಡು ವೇತನ ಬಡ್ತಿಗಳನ್ನು ತಡೆಹಿಡಿಯುವುದಕ್ಕೆ ಶಿಕ್ಷೆಯನ್ನು ಇಳಿಸಿತು. 2005ರಲ್ಲಿ ಇನ್ನೊಬ್ಬ ಕಾರ್ಮಿಕರು ಮೇಲಧಿಕಾರಿಯನ್ನು ಇತರರ ಎದುರಿಗೆ ಅಶ್ಲೀಲ ಪದಗಳಿಂದ ನಿಂದಿಸಿದ್ದು ಸಾಬೀತಾಗಿದ್ದಾಗ ಅದೇ ಕೋರ್ಟ್ ವಜಾ ಆದೇಶವನ್ನು ಎತ್ತಿಹಿಡಿಯಿತು. ಆದ್ದರಿಂದ 'ಬರೀ ಮಾತಿಗೆ ಯಾರೂ ಕೆಲಸ ತೆಗೆಯಲಾಗದು' ಎಂದು ನಿಮಗೆ ಯಾರಾದರೂ ಧೈರ್ಯ ಹೇಳಿದ್ದರೆ ಅದನ್ನು ನಂಬಬೇಡಿ.

ಪ್ರಾಣಕ್ಕೆ ಅಪಾಯವಿದೆ ಎಂದು ಕೆಲಸಕ್ಕೆ ಇಳಿಯಲಿಲ್ಲ. ಅದೂ ಅವಿಧೇಯತೆಯೇ?

ಗಣಿ, ಕುಲುಮೆ, ಬಾಯ್ಲರುಗಳ ನಡುವೆ ಬದುಕುವ ನಮಗೆ ಈ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು. ಅಪಾಯಕ್ಕೆ ನಿಜವಾದ ಆಧಾರವಿದ್ದರೆ ನಿರಾಕರಣೆ ಅವಿಧೇಯತೆ ಆಗುವುದಿಲ್ಲ, ಏಕೆಂದರೆ ಸುರಕ್ಷತೆಯ ನಿಯಮವನ್ನು ಮುರಿಯಬೇಕೆನ್ನುವ ಆದೇಶ ಕಾನೂನುಬದ್ಧವೂ ಅಲ್ಲ, ಸಮಂಜಸವೂ ಅಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸ್ಪಾಂಜ್ ಐರನ್ ಘಟಕವೊಂದರಲ್ಲಿ ಕಿಲ್ನ್, ಅಂದರೆ ಅದಿರು ಕಾಯಿಸುವ ದೊಡ್ಡ ಕುಲುಮೆ, ಕೆಲಸ ನಿಲ್ಲಿಸಿದೆ. ಒಳಗೆ ಗಟ್ಟಿಯಾಗಿ ಅಂಟಿಕೊಂಡ ಪದರವನ್ನು ಒಡೆದು ತೆಗೆಯಬೇಕಿದೆ. ಉತ್ಪಾದನೆ ನಿಂತದ್ದಕ್ಕೆ ಮೇಲಿನಿಂದ ಒತ್ತಡವಿರುವ ಸೂಪರ್‌ವೈಸರ್ 'ಒಳಗೆ ಇಳಿಯಿರಿ' ಎನ್ನುತ್ತಾರೆ. ಗ್ಯಾಸ್ ಪರೀಕ್ಷೆ ಆಗಿಲ್ಲ, ವರ್ಕ್ ಪರ್ಮಿಟ್ ಬರೆದಿಲ್ಲ, ಹೊರಗೆ ಹಗ್ಗ ಹಿಡಿದು ನಿಲ್ಲುವವರಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತೆಂದು ತಿಳಿಯುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ಇಂಥಲ್ಲಿ 'ಗ್ಯಾಸ್ ಟೆಸ್ಟ್ ಆಗಲಿ, ಆಮೇಲೆ ಇಳಿಯುತ್ತೇನೆ' ಎಂದ ಕಾರ್ಮಿಕ ಕೆಲಸವನ್ನು ನಿರಾಕರಿಸಿಲ್ಲ, ಕೆಲಸ ಹೇಗೆ ಆಗಬೇಕೋ ಹಾಗೆ ಆಗಲೆಂದು ಕೇಳಿದ್ದಾನೆ. ಈ ಮಾತನ್ನು ಹಾಗೆಯೇ, ಈ ಕ್ರಮದಲ್ಲೇ ಹೇಳುವುದು ನಿಮಗೆ ದೊಡ್ಡ ರಕ್ಷಣೆ. ಬರೀ 'ನಾನು ಮಾಡಲ್ಲ' ಎಂದು ಹೊರನಡೆದರೆ ಮುಂದೆ ವಿಚಾರಣೆಯಲ್ಲಿ ಅಪಾಯದ ಮಾತು ಆಮೇಲೆ ಹುಟ್ಟಿಸಿಕೊಂಡದ್ದೆಂದು ವಾದಿಸಲು ಎದುರಿನವರಿಗೆ ಎಡೆಯಾಗುತ್ತದೆ.

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಇದಕ್ಕೆ ದಾರಿಯನ್ನೂ ತೋರಿಸಿದೆ. ಗಂಭೀರ ಗಾಯ, ಸಾವು ಅಥವಾ ಆರೋಗ್ಯಕ್ಕೆ ತಕ್ಷಣದ ಅಪಾಯವಿದೆಯೆಂಬ ಸಕಾರಣ ಭೀತಿಯಿದ್ದರೆ ಕಾರ್ಮಿಕರು ಅದನ್ನು ನೇರವಾಗಿ ಅಥವಾ ಸುರಕ್ಷತಾ ಸಮಿತಿಯ ಸದಸ್ಯರ ಮೂಲಕ ಮಾಲೀಕರ ಗಮನಕ್ಕೆ ತರಬಹುದು, ಜೊತೆಗೇ ಇಲಾಖೆಯ ನಿರೀಕ್ಷಕರಿಗೂ ತಿಳಿಸಬಹುದು. ಮಾಲೀಕರು ಒಪ್ಪಿದರೆ ಕೂಡಲೇ ಸರಿಪಡಿಸಬೇಕು, ಒಪ್ಪದಿದ್ದರೆ ವಿಷಯವನ್ನು ನಿರೀಕ್ಷಕರಿಗೆ ಒಪ್ಪಿಸಬೇಕು. ಮೊಬೈಲಿನಲ್ಲಿ ಕಳಿಸಿದ ಎರಡು ಸಾಲಿನ ಸಂದೇಶವೂ, ಅದರ ಮೇಲಿನ ಸಮಯವೂ ಇಂಥ ಹೊತ್ತಿನಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆ.

ಓಟಿ ಮಾಡಲಿಲ್ಲ, ರಾತ್ರಿ ಪಾಳಿಗೆ ಬರಲಿಲ್ಲ ಎಂದು ಮೆಮೊ ಕೊಡಬಹುದೇ?

ನಿಗದಿತ ಪಾಳಿಗೆ ಬರದಿದ್ದರೆ ಕೊಡಬಹುದು. ಓಟಿಯ ಮಾತು ಬೇರೆ: ಅದೇ 2020ರ ಸಂಹಿತೆಯ ಪ್ರಕಾರ ಕಾರ್ಮಿಕರ ಒಪ್ಪಿಗೆಯಿದ್ದರೆ ಮಾತ್ರ ಹೆಚ್ಚುವರಿ ಅವಧಿಯ ಕೆಲಸ ಮಾಡಿಸಬೇಕು, ಅದಕ್ಕೆ ದುಪ್ಪಟ್ಟು ದರದಲ್ಲಿ ಕೂಲಿ ಕೊಡಬೇಕು. ಮಹಿಳೆಯರನ್ನು ಸಂಜೆ 7ರ ನಂತರ ಅಥವಾ ಬೆಳಿಗ್ಗೆ 6ಕ್ಕಿಂತ ಮೊದಲು ದುಡಿಸಿಕೊಳ್ಳುವುದಕ್ಕೂ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡೂ ಬೇಕು. ಹೊಲಿಗೆ ಘಟಕದ ಹೆಣ್ಣುಮಗಳೊಬ್ಬಳು ರಾತ್ರಿ ಒಂಬತ್ತರವರೆಗೆ ಕೂರಲಾಗದು ಎಂದರೆ ಅದಕ್ಕೆ ಅವಿಧೇಯತೆಯ ಹಣೆಪಟ್ಟಿ ಹಚ್ಚುವುದು ಕಾನೂನಿಗೂ ಒಪ್ಪದು, ಮನುಷ್ಯತ್ವಕ್ಕೂ ಒಪ್ಪದು.

ಬೇರೆ ಊರಿಗೆ ವರ್ಗ ಮಾಡಿದ್ದಾರೆ, ಹೋಗಲಿಲ್ಲ.

ಇಲ್ಲಿ ಎಚ್ಚರಿಕೆ ಬೇಕು. ನೇಮಕ ಪತ್ರದಲ್ಲಿ ಅಥವಾ ಸೇವಾ ನಿಯಮದಲ್ಲಿ ವರ್ಗಾವಣೆಗೆ ಅವಕಾಶವಿದ್ದರೆ, ಮೊದಲು ಹೋಗಿ ಹಾಜರಾಗಿ ಆಮೇಲೆ ಮನವಿ ಕೊಡಬೇಕು, ಇಲ್ಲವೇ ಆದೇಶಕ್ಕೆ ತಡೆ ತರಬೇಕು. ಬರೀ ಮನವಿ ಕೊಟ್ಟು ಮನೆಯಲ್ಲಿ ಕೂರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಸ್ಪಷ್ಟಪಡಿಸಿದೆ. ಸಂಘ ಕಟ್ಟಿದ್ದಕ್ಕೆ ಸೇಡಿನಿಂದ ಮಾಡಿದ ವರ್ಗಾವಣೆಯನ್ನು ಪ್ರಶ್ನಿಸುವ ಹಕ್ಕು ನಿಮಗಿದೆ, ಆದರೆ ಹಾಜರಾಗದೆ ಕುಳಿತರೆ ಆ ಹಕ್ಕಿನ ಬಲ ಕುಗ್ಗುತ್ತದೆ.

ತಪ್ಪು ಕಣ್ಣೆದುರಿಗೇ ನಡೆದಿದೆ. ವಿಚಾರಣೆ ಯಾಕೆ ಬೇಕು?

ಮಾಲೀಕರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಕಣ್ಣಾರೆ ನೋಡಿದವರು ಸಾಕ್ಷಿಯಾಗಬಹುದು, ತೀರ್ಪುಗಾರರಾಗಲಾರರು. ಆರೋಪಿಯ ಮಾತನ್ನು ಕೇಳದೆ ಕೊಟ್ಟ ಶಿಕ್ಷೆ, ಆರೋಪ ನಿಜವೇ ಆಗಿದ್ದರೂ, ನ್ಯಾಯಮಂಡಳಿಯ ಎದುರು ದುರ್ಬಲವಾಗಿ ನಿಲ್ಲುತ್ತದೆ.

ಸರಿಯಾದ ವಿಚಾರಣೆ ಹೀಗೆ ನಡೆಯಬೇಕು. ಮೊದಲು ದೋಷಾರೋಪಣಾ ಪಟ್ಟಿ. 'ನೀವು ಅವಿಧೇಯತೆ ತೋರಿದ್ದೀರಿ' ಎಂದಷ್ಟೇ ಬರೆದದ್ದು ದೋಷಾರೋಪಣೆ ಅಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ, ಯಾರು ಯಾವ ಆದೇಶ ಕೊಟ್ಟರು, ನೌಕರ ಏನು ಹೇಳಿದ ಅಥವಾ ಏನು ಮಾಡಿದ, ಸ್ಥಾಯಿ ಆದೇಶದ ಯಾವ ಕಲಮು ಮುರಿಯಿತು ಎಂಬುದೆಲ್ಲ ಅದರಲ್ಲಿರಬೇಕು. ಆಡಿದ ಮಾತೇ ಆರೋಪವಾಗಿದ್ದರೆ ಆ ಮಾತನ್ನು ಇದ್ದಂತೆಯೇ ಬರೆಯಬೇಕು. ಉತ್ತರಿಸಲು ಸಾಕಷ್ಟು ಕಾಲ ಕೊಡಬೇಕು. ದೂರು ಕೊಟ್ಟವರಾಗಲಿ, ಸಾಕ್ಷಿ ಹೇಳುವವರಾಗಲಿ ವಿಚಾರಣಾಧಿಕಾರಿಯಾಗಿ ಕೂರಬಾರದು. ಸಾಕ್ಷಿಗಳ ಹೇಳಿಕೆ ನೌಕರನ ಎದುರಿಗೇ ಆಗಬೇಕು, ಅವರನ್ನು ಪಾಟಿ ಸವಾಲು ಮಾಡಲು ಅವನಿಗೆ ಅವಕಾಶವಿರಬೇಕು, ತನ್ನ ಕಡೆಯ ಸಾಕ್ಷಿಗಳನ್ನು ಕರೆತರಲೂ ಬಿಡಬೇಕು. ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನು ಅವನಿಗೆ ಕೊಟ್ಟು, ಅದರ ಬಗ್ಗೆ ಅವನ ಮಾತು ಕೇಳಿದ ನಂತರವೇ ಶಿಕ್ಷೆ ನಿರ್ಧರಿಸಬೇಕೆಂಬುದನ್ನು ಸುಪ್ರೀಂ ಕೋರ್ಟ್ 1993ರ ಸಂವಿಧಾನ ಪೀಠದ ತೀರ್ಪಿನಲ್ಲಿ ಹೇಳಿದೆ.

ಕ್ರಿಮಿನಲ್ ಮೊಕದ್ದಮೆಯಲ್ಲಿ ಬೇಕಾದಷ್ಟು ಗಟ್ಟಿ ಪುರಾವೆ ಇಲ್ಲಿ ಬೇಕಿಲ್ಲ, ಆರೋಪ ನಡೆದಿರುವ ಸಂಭವವೇ ಹೆಚ್ಚೆಂದು ಸಾಕ್ಷ್ಯ ತೋರಿಸಿದರೆ ಸಾಕು. ಈ ಕಾರಣಕ್ಕೇ ನೌಕರರು ವಿಚಾರಣೆಗೆ ಹೋಗದೆ ಉಳಿಯುವುದು ದೊಡ್ಡ ತಪ್ಪು. 'ಅವರೇ ಬರೆದುಕೊಳ್ಳುತ್ತಾರೆ, ಹೋಗಿ ಏನು ಮಾಡಲಿ' ಎಂಬ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಹೋಗಿ, ನಿಮ್ಮ ಮಾತನ್ನು ದಾಖಲಿಸಿ, ಪ್ರತಿ ದಿನದ ನಡಾವಳಿಯ ಪ್ರತಿ ಕೇಳಿ ಪಡೆಯಿರಿ.

ಕಾಗದವೆಲ್ಲ ಇಂಗ್ಲಿಷಿನಲ್ಲಿತ್ತು, ಏನೆಂದು ತಿಳಿಯದೆ ಸಹಿ ಹಾಕಿದೆ.

ತಿಳಿಯುವ ಭಾಷೆಯಲ್ಲಿ ಆರೋಪ ಹೇಳದಿದ್ದರೆ ಉತ್ತರಿಸುವ ಅವಕಾಶ ಕೊಟ್ಟಂತೆಯೇ ಆಗುವುದಿಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು, ಲಂಬಾಣಿ ಮಾತನಾಡುವವರು ಒಂದೇ ಪಾಳಿಯಲ್ಲಿ ದುಡಿಯುತ್ತಾರೆ, ಉತ್ತರ ಭಾರತದಿಂದ ಬಂದವರೂ ಇದ್ದಾರೆ. ಕನ್ನಡದಲ್ಲಿ, ಅಥವಾ ನಿಮಗೆ ಬರುವ ಭಾಷೆಯಲ್ಲಿ ಪ್ರತಿ ಬೇಕೆಂದು ಲಿಖಿತವಾಗಿ ಕೇಳಿ. ಸಹಿ ಹಾಕಲೇಬೇಕಾದರೆ 'ಪ್ರತಿ ತಲುಪಿದೆ, ಒಕ್ಕಣೆ ಅರ್ಥವಾಗಿಲ್ಲ' ಎಂದು ಕೈಬರಹದಲ್ಲಿ ಸೇರಿಸಿ, ದಿನಾಂಕ ನಮೂದಿಸಿ ಸಹಿ ಮಾಡಿ.

ವಿಚಾರಣೆ ಮುಗಿಯುವವರೆಗೆ ಅಮಾನತು ಮಾಡಿದ್ದಾರೆ. ಸಂಬಳ ಸಿಗುತ್ತದೆಯೇ?

ಸಿಗುತ್ತದೆ, ಜೀವನಾಧಾರ ಭತ್ಯೆಯ ರೂಪದಲ್ಲಿ. ಮೊದಲ 90 ದಿನ ವೇತನದ ಶೇ. 50, ಆ ನಂತರ, ವಿಳಂಬಕ್ಕೆ ನೀವು ಕಾರಣರಾಗಿಲ್ಲದಿದ್ದರೆ, ಶೇ. 75. ಇದನ್ನು ದಯೆಯೆಂದು ತಿಳಿಯಬೇಡಿ. ಕೋಲಾರದ ಚಿನ್ನದ ಗಣಿಯ ನೌಕರರೊಬ್ಬರಿಗೆ ಅಮಾನತಿನಲ್ಲಿ ಭತ್ಯೆ ಕೊಟ್ಟಿರಲಿಲ್ಲ. ಕೇರಳದ ತಮ್ಮ ಊರಿನಲ್ಲಿದ್ದ ಅವರಿಗೆ ವಿಚಾರಣೆಗೆ ಬರಲು ಕೈಯಲ್ಲಿ ದುಡ್ಡಿರಲಿಲ್ಲ. ವಿಚಾರಣೆ ಅವರಿಲ್ಲದೆಯೇ ಮುಗಿದು ವಜಾ ಆಯಿತು. ಭತ್ಯೆ ಕೊಡದೆ ನಡೆಸಿದ ಆ ವಿಚಾರಣೆ ನಿಲ್ಲುವುದಿಲ್ಲವೆಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಭತ್ಯೆ ಬಾರದಿದ್ದರೆ ಆಯಾ ತಿಂಗಳೇ ಲಿಖಿತವಾಗಿ ಕೇಳಿ.

ನಾನು ಗುತ್ತಿಗೆ ಕಾರ್ಮಿಕ. ಯಾವ ಕಾಗದವೂ ಇಲ್ಲ, ಗೇಟಿನಲ್ಲಿ ಪಾಸ್ ಕಿತ್ತುಕೊಂಡು ನಾಳೆಯಿಂದ ಬರಬೇಡ ಎಂದರು.

ಅತಿ ಹೆಚ್ಚು ಜನರಿಗೆ ಆಗುತ್ತಿರುವುದು ಇದೇ, ಅತಿ ಕಡಿಮೆ ಜನ ಪ್ರಶ್ನಿಸುವುದೂ ಇದನ್ನೇ. ಕಾನೂನಿನ ಪ್ರಕಾರ ನಿಮ್ಮ ಮಾಲೀಕರು ಗುತ್ತಿಗೆದಾರರು. ಪಾಸ್ ರದ್ದಾದ ಮಾತ್ರಕ್ಕೆ ನಿಮ್ಮ ಅವರ ನಡುವಿನ ಸಂಬಂಧ ಮುಗಿಯುವುದಿಲ್ಲ. ಬಾಯಿಮಾತಿನಲ್ಲಿ ತೆಗೆದು ಆಮೇಲೆ 'ಅವನೇ ಕೆಲಸ ಬಿಟ್ಟು ಹೋದ' ಎಂದು ಬರೆಯುವುದು ಹಳೆಯ ಪರಿಪಾಠ. ಗೈರುಹಾಜರಿಯ ನೆಪದಲ್ಲಿ ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆಯುವುದು ಬದುಕುವ ಹಕ್ಕಿಗೇ ತಾಗುವ ಅನ್ಯಾಯವೆಂದು 1993ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಆದ್ದರಿಂದ ಆ ವಾರದೊಳಗೇ ಗುತ್ತಿಗೆದಾರರಿಗೂ ಮುಖ್ಯ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಕಳಿಸಿ: ಇಂಥ ದಿನ ಇಂಥವರು ಗೇಟಿನಲ್ಲಿ ತಡೆದರು, ಕಾರಣ ಹೀಗೆ ಹೇಳಿದರು, ನಾನು ಕೆಲಸಕ್ಕೆ ಸಿದ್ಧನಿದ್ದೇನೆ. ಅಂಚೆ ರಸೀತಿಯನ್ನು ಇಟ್ಟುಕೊಳ್ಳಿ. ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್, ಬ್ಯಾಂಕಿಗೆ ಬಂದ ಸಂಬಳದ ವಿವರ, ಹಳೆಯ ಪಾಸಿನ ಫೋಟೊ, ಇವೆಲ್ಲವೂ ನೀವು ಅಲ್ಲಿ ದುಡಿದದ್ದಕ್ಕೆ ದಾಖಲೆಗಳು.

ಅಂಗಡಿ, ಹೋಟೆಲುಗಳಲ್ಲಿ ದುಡಿಯುವವರಿಗೆ?

ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಕಲಮಿನಂತೆ ಆರು ತಿಂಗಳು ಸತತ ಸೇವೆ ಸಲ್ಲಿಸಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ವೇತನ ಕೊಡದೆ ತೆಗೆಯುವಂತಿಲ್ಲ. ವಿಚಾರಣೆ ನಡೆಸಿ, ಸಾಕ್ಷ್ಯ ದಾಖಲಿಸಿ, ದುರ್ನಡತೆ ಸಾಬೀತಾಗಿದ್ದರೆ ಮಾತ್ರ ನೋಟಿಸ್ ಬೇಕಿಲ್ಲ.

ಮೊದಲ ಸಲದ ತಪ್ಪಿಗೇ ವಜಾ ಮಾಡುವುದು ನ್ಯಾಯವೇ?

ಸಾಮಾನ್ಯವಾಗಿ ಅಲ್ಲ. ತಪ್ಪು ಎಷ್ಟು ಗುರುತರ, ಹಿಂದಿನ ಸೇವೆ ಹೇಗಿತ್ತು, ಕೆರಳಿಸಿದ್ದು ಯಾರು, ಅದೇ ತಪ್ಪು ಮಾಡಿದ ಇತರರಿಗೆ ಯಾವ ಶಿಕ್ಷೆ ಆಯಿತು ಎಂಬುದನ್ನೆಲ್ಲ ನೋಡಿ ಶಿಕ್ಷೆ ನಿರ್ಧರಿಸಬೇಕು. ಎಚ್ಚರಿಕೆ ಇದೆ, ವೇತನ ಬಡ್ತಿ ತಡೆ ಇದೆ, ಕೆಲವು ದಿನಗಳ ಅಮಾನತು ಇದೆ. ಇವೆಲ್ಲವನ್ನೂ ಹಾರಿ ನೇರವಾಗಿ ವಜಾಕ್ಕೆ ಹೋದವರು ಅದಕ್ಕೆ ಕಾರಣವನ್ನು ಆದೇಶದಲ್ಲೇ ಬರೆಯಬೇಕು. ಹದಿನೈದು ವರ್ಷ ದುಡಿದ ಕ್ರೇನ್ ಆಪರೇಟರ್ ಒಮ್ಮೆ ಊಟದ ಬಿಡುವಿನಲ್ಲಿ ಕರೆದಾಗ ಬರಲಿಲ್ಲ ಎಂಬುದೂ, ಕುದಿಯುವ ಕಬ್ಬಿಣ ತುಂಬಿದ ದೊಡ್ಡ ಪಾತ್ರೆ (ಲ್ಯಾಡಲ್) ನೇತಾಡುತ್ತಿರುವಾಗ 'ನಿಲ್ಲಿಸು' ಎಂಬ ಸಂಕೇತವನ್ನು ಬೇಕೆಂದೇ ಲಕ್ಷಿಸಲಿಲ್ಲ ಎಂಬುದೂ ಕಾಗದದ ಮೇಲೆ ಒಂದೇ ಕಲಮಿನಡಿ ಬರುತ್ತವೆ. ಎರಡಕ್ಕೂ ಒಂದೇ ಶಿಕ್ಷೆ ಕೊಡುವುದು ನ್ಯಾಯವಲ್ಲ. ಎರಡನೆಯದರಲ್ಲಿ ಕೆಳಗೆ ನಿಂತವರ ಪ್ರಾಣದ ಪ್ರಶ್ನೆಯಿದೆ, ಅಲ್ಲಿ ಮೊದಲ ತಪ್ಪಿಗೇ ವಜಾ ಆದರೂ ಅದನ್ನು ಅತಿ ಎನ್ನಲಾಗದು.

1971ರ ತಿದ್ದುಪಡಿಯಿಂದ ಕೈಗಾರಿಕಾ ವಿವಾದಗಳ ಕಾಯ್ದೆಗೆ ಸೇರಿದ 11ಎ ಕಲಮು, ವಜಾ ಶಿಕ್ಷೆ ಅತಿಯಾಯಿತೆಂದು ಕಂಡರೆ ಅದನ್ನು ರದ್ದುಪಡಿಸಿ ಕಡಿಮೆ ಶಿಕ್ಷೆ ಕೊಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ನೀಡಿತು. ಆ ಕಾಯ್ದೆಯ ಬದಲಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಅಧಿಕಾರವನ್ನು ಉಳಿಸಿಕೊಂಡಿದೆ.

ರಾಜೀನಾಮೆ ಬರೆದುಕೊಟ್ಟರೆ ಹೆಸರು ಕೆಡುವುದಿಲ್ಲ ಎನ್ನುತ್ತಾರೆ. ಬರೆದುಕೊಡಲೇ?

ಆ ಕೊಠಡಿಯಲ್ಲಿ ಕುಳಿತೇ ಬರೆದುಕೊಡಬೇಡಿ. ರಾಜೀನಾಮೆ ಕೊಟ್ಟ ಮೇಲೆ ಒತ್ತಾಯದಿಂದ ಕೊಟ್ಟೆ ಎಂದು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಒತ್ತಾಯದಿಂದ ಆಗಲೇ ಕೊಟ್ಟಿದ್ದರೆ ಮರುದಿನವೇ ಹಿಂತೆಗೆದುಕೊಳ್ಳುವ ಪತ್ರ ಕಳಿಸಿ.

ಎಲ್ಲಿಗೆ ಹೋಗಬೇಕು? ಗಡುವು ಎಷ್ಟು?

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಗೆ ಬಂದು, 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಮತ್ತು 1946ರ ಸ್ಥಾಯಿ ಆದೇಶಗಳ ಕಾಯ್ದೆಯ ಸ್ಥಾನವನ್ನು ತೆಗೆದುಕೊಂಡಿದೆ. ಸ್ಥಾಯಿ ಆದೇಶಗಳ ಅಧ್ಯಾಯ ಈಗ 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಆದರೆ ವಜಾದ ವಿರುದ್ಧ ಒಬ್ಬಂಟಿಯಾಗಿಯೇ ವಿವಾದ ಎತ್ತುವ ಹಕ್ಕಿಗೆ ಈ ಸಂಖ್ಯೆಯ ಕಟ್ಟಿಲ್ಲ, ಸಂಘದ ಬೆಂಬಲವೂ ಕಡ್ಡಾಯವಲ್ಲ.

ಕಾರ್ಖಾನೆ, ಗಿರಣಿ, ಹೊಲಿಗೆ ಘಟಕದವರು ರಾಜ್ಯ ಕಾರ್ಮಿಕ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಬೇಕು. ಗಣಿ ಕಾರ್ಮಿಕರ ವಿವಾದ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಸೇರುವುದರಿಂದ ಅವರು ಕೇಂದ್ರದ ಕಾರ್ಮಿಕ ಆಯುಕ್ತರ ವ್ಯವಸ್ಥೆಯ ಅಧಿಕಾರಿಗಳ ಬಳಿ ಹೋಗಬೇಕು. ತಪ್ಪು ಕಚೇರಿಗೆ ಅರ್ಜಿ ಕೊಟ್ಟು ತಿಂಗಳುಗಳನ್ನು ಕಳೆದುಕೊಳ್ಳಬೇಡಿ. ಸಂಧಾನಾಧಿಕಾರಿ ಮೊದಲು ರಾಜಿಗೆ ಯತ್ನಿಸುತ್ತಾರೆ, ಆಗದಿದ್ದರೆ ವರದಿ ಕೊಡುತ್ತಾರೆ, ಆ ವರದಿ ಕೈಸೇರಿದ 90 ದಿನಗಳೊಳಗೆ ನೀವೇ ಕೈಗಾರಿಕಾ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ವಿವಾದ ಹುಟ್ಟಿ ಎರಡು ವರ್ಷ ಕಳೆದ ಮೇಲೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಹಳೆಯ ಕಾಯ್ದೆಯ ಮೂರು ವರ್ಷದ ಲೆಕ್ಕವನ್ನು ಈಗಲೂ ಹೇಳುವವರಿದ್ದಾರೆ, ಅದನ್ನು ನೆಚ್ಚಿ ಕೂರಬೇಡಿ. ಮುಂದೆ ಹೈಕೋರ್ಟಿಗೆ ಹೋಗಬೇಕಾದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು, ಆಡಳಿತದ ಹೊಣೆ ಹೊತ್ತವರು ಈ ಸಂಹಿತೆಯ 'ಕಾರ್ಮಿಕ'ರಲ್ಲ. ಆದರೆ ನೋಡುವುದು ನಿಜವಾಗಿ ಮಾಡುವ ಕೆಲಸವನ್ನು, ಹುದ್ದೆಯ ಹೆಸರನ್ನಲ್ಲ. 'ಸೂಪರ್‌ವೈಸರ್' ಎಂಬ ಬಿರುದು ಹೊತ್ತು ದಿನವಿಡೀ ಸ್ಪ್ಯಾನರ್ ಹಿಡಿದು ದುಡಿಯುವವರು ಕಾರ್ಮಿಕರೇ.

ವಜಾ ಆದರೆ ಗ್ರಾಚ್ಯುಟಿ, ಪಿಎಫ್ ಹೋಗುತ್ತದೆಯೇ?

ಪಿಎಫ್ ಮುಟ್ಟುವಂತಿಲ್ಲ. ಗ್ರಾಚ್ಯುಟಿಯನ್ನು ಪೂರ್ತಿ ತಡೆಹಿಡಿಯಲು ದೊಂಬಿ, ಹಿಂಸಾಚಾರ ಅಥವಾ ನೈತಿಕ ಅಧಃಪತನದ ಅಪರಾಧ ಕಾರಣವಾಗಿರಬೇಕು. ಸಂಸ್ಥೆಯ ಆಸ್ತಿಗೆ ನಷ್ಟವಾಗಿದ್ದರೆ ಆ ನಷ್ಟದ ಮಟ್ಟಿಗೆ ಮಾತ್ರ ಹಿಡಿಯಬಹುದು. ಬರೀ ಆದೇಶ ಪಾಲಿಸಲಿಲ್ಲವೆಂಬುದು ಅದಕ್ಕೆ ಸಾಲದು.

ಗೆದ್ದರೆ ಕೆಲಸವೂ ಹಿಂದಿನ ಸಂಬಳವೂ ಸಿಗುತ್ತದೆಯೇ?

ವಜಾ ಅಕ್ರಮವೆಂದು ತೀರ್ಮಾನವಾದರೆ ಕೆಲಸಕ್ಕೆ ಮರಳುವುದೂ ಹಿಂಬಾಕಿ ವೇತನವೂ ಸಹಜ ಪರಿಹಾರವೆಂದು 2013ರಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದೆ. ಆದರೆ ಅದು ತಾನಾಗಿ ಬರುವುದಿಲ್ಲ. ವಜಾ ಆದ ನಂತರ ತನಗೆ ಬೇರೆ ಆದಾಯದ ಕೆಲಸ ಇರಲಿಲ್ಲ, ಅಥವಾ ಇದ್ದದ್ದು ಹಿಂದಿಗಿಂತ ಕಡಿಮೆ ಕೂಲಿಯದು ಎಂದು ಕಾರ್ಮಿಕರೇ ಅರ್ಜಿಯಲ್ಲಿ ಹೇಳಬೇಕು; ಹೇಳಿದ ಮೇಲೆ ಅದು ಸುಳ್ಳೆಂದು ತೋರಿಸುವ ಹೊಣೆ ಮಾಲೀಕರದು. ನಡುವಿನ ಕಾಲದಲ್ಲಿ ಹೊಟ್ಟೆಪಾಡಿಗೆ ಹೊಲದ ಕೂಲಿಗೆ ಹೋಗಿದ್ದರೆ ಮುಚ್ಚಿಡಬೇಡಿ. ಅದರಿಂದ ನಿಮ್ಮ ಪ್ರಕರಣ ಬೀಳುವುದಿಲ್ಲ, ಮುಚ್ಚಿಟ್ಟದ್ದು ಪಾಟಿ ಸವಾಲಿನಲ್ಲಿ ಹೊರಬಿದ್ದರೆ ಮಾತ್ರ ನಿಮ್ಮ ಉಳಿದ ಮಾತುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಶಿಕ್ಷೆಯನ್ನಷ್ಟೇ ಇಳಿಸಿದ ಪ್ರಕರಣಗಳಲ್ಲಿ, ಅಂದರೆ ತಪ್ಪು ಸಾಬೀತಾಗಿದೆ ಆದರೆ ವಜಾ ಅತಿಯಾಯಿತು ಎಂದಾಗ, ಹಿಂಬಾಕಿಯಲ್ಲಿ ಒಂದು ಪಾಲನ್ನು ಕಡಿತ ಮಾಡುವುದು, ಕೆಲವೊಮ್ಮೆ ಪೂರ್ತಿ ನಿರಾಕರಿಸುವುದು ಉಂಟು. ಸಂಧಾನದ ಹಂತದಲ್ಲಿ ಮಾಲೀಕರು ಮರಳಿ ಕೆಲಸ ಕೊಡಲು ಮುಂದಾದರೆ ಉತ್ತರ ಹೇಳುವ ಮೊದಲು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.